ಕೊರಿಯಾದ ಮನೆಯಡುಗೆ: ಒಲೆಗಿಂತ ಮೊದಲು ಭರಣಿ

ಕೊರಿಯನ್ ಧಾರಾವಾಹಿಗಳನ್ನು ನೋಡಿ ಅಲ್ಲಿನ ಅಡುಗೆಗೆ ಕೈ ಹಾಕುವವರು ಸಾಮಾನ್ಯವಾಗಿ ಮೊದಲು ಕೊಳ್ಳುವುದು ಕೆಂಪು ಡಬ್ಬಿಯ ಗೋಚುಜಾಂಗ್, ಅಂದರೆ ಹುದುಗಿಸಿದ ಮೆಣಸಿನಕಾಯಿ ಪೇಸ್ಟು. ಅನ್ನಕ್ಕೊಂದು ಚಮಚ, ನೂಡಲ್ಸಿಗೊಂದು ಚಮಚ, ತರಕಾರಿ ಹುರಿಯುವಾಗ ಇನ್ನೊಂದು ಚಮಚ. ನಾಲ್ಕು ದಿನ ಕಳೆಯುವಷ್ಟರಲ್ಲಿ ಏನು ಮಾಡಿದರೂ ಅದೇ ಸಿಹಿಖಾರ, ಅದೇ ಅಂಟು. ಬೇಸರ ಬಂದು ಡಬ್ಬಿ ಫ್ರಿಜ್ಜಿನ ಮೂಲೆ ಸೇರುತ್ತದೆ. ಕೊರಿಯನ್ ಅಡುಗೆ ಎಂದರೆ ಇಷ್ಟೇ ಎಂಬ ತೀರ್ಮಾನವೂ ಆಗಿಬಿಡುತ್ತದೆ. ಇದು ಆ ಅಡುಗೆಗೆ ಮಾಡುವ ಅನ್ಯಾಯ. ಹುದುಗಿಸಿದ ಪೇಸ್ಟು, ಸಾಸುಗಳಿಗೆ ಅಲ್ಲಿ ಜಾಂಗ್ ಎನ್ನುತ್ತಾರೆ; ಅಲ್ಲಿನ ಮನೆಗಳ ಮೂರು ಮುಖ್ಯ ಜಾಂಗ್‌ಗಳಲ್ಲಿ ಗೋಚುಜಾಂಗ್ ಕೊನೆಗೆ ಬಂದದ್ದು. ಅದಕ್ಕಿಂತ ಎಷ್ಟೋ ಹಿಂದಿನಿಂದ ಸಾರಿಗೆ, ಸೊಪ್ಪಿಗೆ, ತರಕಾರಿಗೆ ರುಚಿ ಕೊಡುತ್ತ ಬಂದಿರುವುದು ಸೋಯಾ ಕಾಳಿನಿಂದ ಹುಟ್ಟುವ ಇನ್ನೆರಡು: ದ್ವೆನ್‌ಜಾಂಗ್ ಎಂಬ ಕಂದು ಪೇಸ್ಟು ಮತ್ತು ಗಾನ್‌ಜಾಂಗ್ ಎಂಬ ಸೋಯಾ ಸಾಸು. ಇವೆರಡರ ಸ್ವಭಾವ ತಿಳಿದರೆ ಉಳಿದದ್ದು ಸಲೀಸು. ಏಕೆಂದರೆ ಈ ಅಡುಗೆಯಲ್ಲಿ ಕಷ್ಟದ ಕೆಲಸವೆಲ್ಲ ಒಲೆ ಹಚ್ಚುವ ತಿಂಗಳುಗಟ್ಟಲೆ ಮೊದಲೇ ಭರಣಿಯೊಳಗೆ ಮುಗಿದಿರುತ್ತದೆ. ಒಲೆಯ ಮುಂದೆ ನಿಲ್ಲಬೇಕಾದದ್ದು ಇಪ್ಪತ್ತು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ.

ಮೊದಲು ಊಟದ ಸ್ವರೂಪ ನೋಡೋಣ. ಅನ್ನ, ಒಂದು ತಿಳಿಸಾರು ಇಲ್ಲವೇ ‘ಜಿಗೇ’ ಎಂಬ ಗಟ್ಟಿ ಸಾರು, ಉಪ್ಪು ಹಾಕಿ ಹುದುಗಿಸಿದ ತರಕಾರಿಯಾದ ಕಿಮ್ಚಿ, ಸುತ್ತ ಪುಟ್ಟ ಬಟ್ಟಲುಗಳಲ್ಲಿ ನೆಂಚಿಕೊಳ್ಳಲು ಬಾನ್‌ಚಾನ್. ಎಲ್ಲವೂ ಒಟ್ಟಿಗೇ ಬಂದು ಕೂರುತ್ತವೆ. ಒಂದಾದ ಮೇಲೊಂದು ಬಡಿಸುವ ಕ್ರಮವಿಲ್ಲ. ಅನ್ನಕ್ಕೂ ಸಾರಿಗೂ ಚಮಚ, ಬಾನ್‌ಚಾನ್‌ಗೆ ಲೋಹದ ಕಡ್ಡಿಗಳು. ಜೊಸೊನ್ ಅರಸರ ಕಾಲದ ಪದ್ಧತಿಯಲ್ಲಿ ಮನೆಯ ಅಂತಸ್ತನ್ನು ಈ ಬಟ್ಟಲುಗಳ ಎಣಿಕೆಯಲ್ಲೇ ಹೇಳುತ್ತಿದ್ದರು: ಸಾಮಾನ್ಯರಿಗೆ ಮೂರು, ಅನುಕೂಲವಿದ್ದವರಿಗೆ ಐದು, ಏಳು, ಅರಸನಿಗೆ ಹನ್ನೆರಡು. ಅನ್ನ, ಸಾರು, ಕಿಮ್ಚಿ, ಜಾಂಗ್ ಈ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅವು ಬಡವರ ಮನೆಯಲ್ಲೂ ಇರಲೇಬೇಕಾದವು ಎಂದು ಹಿಡಿದಿದ್ದರು. ನಾವು ಮನೆಯಲ್ಲಿ ಮಾಡಲು ಹೊರಟಾಗ ಈ ಮಾತನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಹನ್ನೆರಡು ಬಟ್ಟಲಿನ ಆಸೆ ಬೇಡ. ಅನ್ನ, ಒಂದು ಜಿಗೇ, ಕಿಮ್ಚಿ, ಎರಡು ಬಾನ್‌ಚಾನ್ ಆದರೆ ಪೂರ್ಣ ಊಟ. ಬಾನ್‌ಚಾನ್‌ಗಳನ್ನು ಒಮ್ಮೆ ಮಾಡಿದರೆ ಎರಡು ಮೂರು ದಿನ ಫ್ರಿಜ್ಜಿನಲ್ಲಿಟ್ಟು ಬಡಿಸುತ್ತಾರೆ. ಪ್ರತಿದಿನ ಹೊಸದಾಗಿ ಆಗಬೇಕಾದದ್ದು ಅನ್ನ ಮತ್ತು ಸಾರು ಮಾತ್ರ.

ಭರಣಿಯೊಳಗೆ ಏನಾಗುತ್ತದೆ

ಶರತ್ಕಾಲದ ಕೊನೆಗೆ ಸೋಯಾ ಕಾಳನ್ನು ಮೆತ್ತಗೆ ಬೇಯಿಸಿ, ಕುಟ್ಟಿ, ಇಟ್ಟಿಗೆಯ ಆಕಾರಕ್ಕೆ ತಟ್ಟುತ್ತಾರೆ. ಇದರ ಹೆಸರು ಮೇಜು (ನಾವು ಊಟಕ್ಕೆ ಕೂರುವ ಮೇಜಲ್ಲ). ಮೇಲ್ಮೈ ಆರಿದ ಮೇಲೆ ಭತ್ತದ ಹುಲ್ಲಿನಿಂದ ಕಟ್ಟಿ ಬೆಚ್ಚಗಿನ ಜಾಗದಲ್ಲಿ ತೂಗುಹಾಕುತ್ತಾರೆ. ಹುಲ್ಲು ಬರೀ ಹಗ್ಗದ ಕೆಲಸ ಮಾಡುವುದಿಲ್ಲ. ಅದರಲ್ಲಿ ಸಹಜವಾಗಿ ಇರುವ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾ ಕಾಳಿನ ಗಟ್ಟಿಗೆ ದಾಟುತ್ತದೆ. ಗಾಳಿಯಿಂದ ಆಸ್ಪರ್ಜಿಲಸ್ ಜಾತಿಯ ಬೂಷ್ಟುಗಳೂ ಬಂದು ಕೂರುತ್ತವೆ. ಇವು ಬಿಡುವ ಕಿಣ್ವಗಳು ಸೋಯಾದ ಪ್ರೋಟೀನನ್ನು ಚೂರುಚೂರಾಗಿ ಕತ್ತರಿಸಿ ಅಮೈನೋ ಆಮ್ಲಗಳನ್ನಾಗಿ ಮಾಡುತ್ತವೆ. ಅದರಲ್ಲೊಂದು ಗ್ಲುಟಾಮಿಕ್ ಆಮ್ಲ. ಮಾಂಸದ ಸಾರು, ಹಣ್ಣಾದ ಟೊಮೆಟೊ, ಒಣ ಅಣಬೆಗಳಲ್ಲಿ ನಾಲಿಗೆ ಗುರುತಿಸುವ ಆ ತುಂಬಿದ ರುಚಿ ಇದರಿಂದಲೇ ಬರುವುದು. ಬೇಯಿಸಿದ ಸೋಯಾಕ್ಕೆ ಸ್ವಂತವಾಗಿ ಅಂಥ ರುಚಿಯೇನಿಲ್ಲ. ಪ್ರೋಟೀನು ಒಡೆದಾಗಷ್ಟೇ ಅದು ಹೊರಬರುತ್ತದೆ.

ಚಾಂದ್ರಮಾನದ ಹೊಸ ವರ್ಷದ ಆಸುಪಾಸಿಗೆ ಮೇಜು ಗಟ್ಟಿಗಳನ್ನು ತೊಳೆದು ಒಣಗಿಸಿ ‘ಒಂಗ್ಗಿ’ ಎಂಬ ದೊಡ್ಡ ಮಣ್ಣಿನ ಭರಣಿಗೆ ಇಳಿಸಿ ಉಪ್ಪುನೀರು ತುಂಬುತ್ತಾರೆ. ಉಪ್ಪು ಸಾಕಾಯಿತೇ ಎಂದು ನೋಡಲು ಹಸಿ ಕೋಳಿಮೊಟ್ಟೆ ತೇಲಿಬಿಡುವುದು ಹಳೆಯ ಕ್ರಮ. ಮೊಟ್ಟೆಯ ನೆತ್ತಿ ನಾಣ್ಯದಷ್ಟು ಅಗಲಕ್ಕೆ ನೀರಿನ ಮೇಲೆ ಕಂಡರೆ ಹದ ಸರಿ. ಮೇಲೆ ಇದ್ದಿಲು, ಒಣಮೆಣಸಿನಕಾಯಿ, ಬೋರೆಹಣ್ಣಿನ ಜಾತಿಯ ಒಣಹಣ್ಣು ತೇಲಿಸುತ್ತಾರೆ. ಒಂಗ್ಗಿಯ ಗೋಡೆಯಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮರಂಧ್ರಗಳಿರುವುದರಿಂದ ಗಾಳಿ ತುಸು ಆಡುತ್ತದೆ, ನೀರು ಸೋರುವುದಿಲ್ಲ. ಮನೆಯ ಹಿಂದೆ ಬಿಸಿಲು ಬೀಳುವ ಎತ್ತರದ ಕಟ್ಟೆಯ ಮೇಲೆ ಭರಣಿಗಳ ಸಾಲು. ಬಿಸಿಲಿದ್ದ ದಿನ ಮುಚ್ಚಳ ತೆರೆದು, ಮಳೆಗೆ ಮುಂಚೆ ಮುಚ್ಚುವುದು ಮನೆಯ ಹಿರಿಯ ಹೆಂಗಸಿನ ಜವಾಬ್ದಾರಿಯಾಗಿತ್ತು.

ಸುಮಾರು ನಲವತ್ತರಿಂದ ಅರವತ್ತು ದಿನಗಳಾದ ಮೇಲೆ ಗಟ್ಟಿಯನ್ನೂ ನೀರನ್ನೂ ಬೇರ್ಪಡಿಸುತ್ತಾರೆ. ಕಂದುಗಟ್ಟಿದ ನೀರು ಗಾನ್‌ಜಾಂಗ್; ಹಿಸುಕಿ ಮತ್ತೆ ಭರಣಿಗೆ ತುಂಬಿದ ಗಟ್ಟಿ ದ್ವೆನ್‌ಜಾಂಗ್. ಒಂದೇ ಭರಣಿ, ಎರಡು ಸಾಮಗ್ರಿ, ಕಸವೆಂದು ಎಸೆಯುವಂಥದ್ದು ಏನೂ ಇಲ್ಲ. ಆಮೇಲೆ ಎರಡೂ ತಿಂಗಳುಗಟ್ಟಲೆ, ಕೆಲವು ಮನೆಗಳಲ್ಲಿ ವರ್ಷಗಟ್ಟಲೆ ಮಾಗುತ್ತವೆ. ತಲೆಮಾರುಗಳಿಂದ ಉಳಿಸಿಕೊಂಡ ಹಳೆಯ ಗಾನ್‌ಜಾಂಗ್‌ಗೆ ಪ್ರತಿವರ್ಷ ಹೊಸದನ್ನು ಬೆರೆಸುತ್ತ ಬರುವ ಕುಟುಂಬಗಳೂ ಇವೆ. ದಕ್ಷಿಣ ಕೊರಿಯಾದ ಈ ಜಾಂಗ್ ಮಾಡುವ ಪರಂಪರೆಯನ್ನು ಯುನೆಸ್ಕೋ 2024ರ ಡಿಸೆಂಬರಿನಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಗೋಚುಜಾಂಗ್ ಈ ಮನೆಗೆ ಸೇರಿದ್ದು ತಡವಾಗಿ. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂದಂತೆ ಪೂರ್ವ ಏಷ್ಯಾಕ್ಕೂ ತಲುಪಿತು. 1614ರ ಕೊರಿಯನ್ ವಿಶ್ವಕೋಶವೊಂದು ಅದನ್ನು ಜಪಾನಿನಿಂದ ಬಂದ ಸಾಸಿವೆ ಎಂಬರ್ಥದ ಹೆಸರಿನಿಂದ ದಾಖಲಿಸಿದೆ. ಆಮೇಲೆ ಮೆಣಸಿನಪುಡಿ, ಮೇಜು ಪುಡಿ, ಅಂಟಕ್ಕಿ, ಮೊಳಕೆ ಬಾರ್ಲಿಯ ಪುಡಿ, ಉಪ್ಪು ಸೇರಿ ಗೋಚುಜಾಂಗ್ ಆಯಿತು. ಅದರ ಸಿಹಿ ಬರುವುದು ಬಾರ್ಲಿ ಮೊಳಕೆಯ ಕಿಣ್ವಗಳು ಅಕ್ಕಿಯ ಪಿಷ್ಟವನ್ನು ಸಕ್ಕರೆಯಾಗಿಸುವುದರಿಂದ. ಉತ್ತರ ಜೊಲ್ಲಾ ಪ್ರಾಂತದ ಸುನ್‌ಚಾಂಗ್ ಊರು ಇದಕ್ಕೆ ಹೆಸರುವಾಸಿ. ಎಲ್ಲರಿಗೂ ಗೊತ್ತಿರುವ, ಅಕ್ಕಿಹಿಟ್ಟಿನ ಕಡುಬುಗಳ ಕೆಂಪು ತಿನಿಸಾದ ತೊಕ್‌ಬೊಕ್ಕಿಯೂ 1950ರ ದಶಕದ ಸೋಲ್ ನಗರದ ಬೀದಿಯಿಂದ ಬಂದದ್ದು. ಅರಮನೆಯಲ್ಲಿ ಮಾಡುತ್ತಿದ್ದ ತೊಕ್‌ಬೊಕ್ಕಿಗೆ ಗಾನ್‌ಜಾಂಗ್‌ನ ಕಂದು ಬಣ್ಣ.

ಕೊಳ್ಳುವಾಗ

ಮನೆಯಲ್ಲೇ ಮೇಜು ತಟ್ಟಲು ಹೋಗಬೇಡಿ. ನಮ್ಮ ಕರಾವಳಿ, ಮಲೆನಾಡಿನ ತೇವದಲ್ಲಿ ಬೇಡದ ಬೂಷ್ಟು ಹತ್ತುವ ಅಪಾಯ ಹೆಚ್ಚು. ಕೊರಿಯಾದಲ್ಲೂ ನಗರದ ಬಹುಪಾಲು ಮನೆಗಳು ಇಂದು ಜಾಂಗ್ ಅನ್ನು ಅಂಗಡಿಯಿಂದಲೇ ತರುತ್ತವೆ. ಬೆಂಗಳೂರಿನ ಕೊರಿಯನ್ ಅಂಗಡಿಗಳಲ್ಲಿ ಅಥವಾ ಆನ್‌ಲೈನಿನಲ್ಲಿ ಹುಡುಕುವಾಗ ಡಬ್ಬಿಯ ಬಣ್ಣ ದಾರಿ ತೋರುತ್ತದೆ: ಕೆಂಪು ಡಬ್ಬಿ ಗೋಚುಜಾಂಗ್, ಕಂದು ಡಬ್ಬಿ ದ್ವೆನ್‌ಜಾಂಗ್, ಹಸಿರು ಡಬ್ಬಿ ಇವೆರಡನ್ನೂ ಬೆರೆಸಿ ಬೆಳ್ಳುಳ್ಳಿ, ಎಳ್ಳೆಣ್ಣೆ ಹಾಕಿದ ಸ್ಸಾಮ್‌ಜಾಂಗ್. ಸಸ್ಯಾಹಾರಿಗಳು ಪದಾರ್ಥಗಳ ಪಟ್ಟಿಯನ್ನು ತಪ್ಪದೆ ಓದಬೇಕು. ಜಿಗೇಗೆಂದೇ ಮಾರುವ ಕೆಲವು ದ್ವೆನ್‌ಜಾಂಗ್‌ಗಳಲ್ಲಿ ಮೀನು, ಚಿಪ್ಪು, ಮಾಂಸದ ಸತ್ವ ಸೇರಿಸಿರುತ್ತಾರೆ. ಸೋಯಾ ಮತ್ತು ಉಪ್ಪು ಇಷ್ಟೇ ಇರುವ ಡಬ್ಬಿ ಸಿಕ್ಕರೆ ಅದು ಹಳೆಯ ಪದ್ಧತಿಗೆ ಹತ್ತಿರ. ಗೋಧಿ ಬೆರೆಸಿದ್ದು ಕಾರ್ಖಾನೆಯ ಕ್ರಮ, ರುಚಿ ಸ್ವಲ್ಪ ಸೌಮ್ಯ.

ಸೋಯಾ ಸಾಸಿನಲ್ಲೂ ಎರಡು ಬಗೆ. ಸಾರಿಗೆ, ಸೊಪ್ಪಿಗೆ ಹಾಕುವುದು ಗುಕ್-ಗಾನ್‌ಜಾಂಗ್: ಬಣ್ಣ ತೆಳು, ಉಪ್ಪು ಹೆಚ್ಚು, ಹಳೆಯ ಭರಣಿಯ ರುಚಿ. ಹುರಿಯಲು, ಮಾಂಸ ನೆನೆಸಲು, ಅದ್ದಿ ತಿನ್ನಲು ಗೋಧಿ ಬೆರೆಸಿ ಹುದುಗಿಸಿದ ಯಾಂಗ್ಜೋ-ಗಾನ್‌ಜಾಂಗ್. ನಮ್ಮ ಅಂಗಡಿಗಳಲ್ಲಿ ಚೈನೀಸ್ ಫ್ರೈಡ್ ರೈಸಿಗೆಂದು ಸಿಗುವ ಕಪ್ಪು ಸಾಸು ಇವೆರಡರ ಜಾಗದಲ್ಲೂ ನಿಲ್ಲಲಾರದು. ಅದರಲ್ಲಿ ಕ್ಯಾರಮೆಲ್ ಬಣ್ಣ, ಸಕ್ಕರೆಯದೇ ಆಟ. ಗುಕ್-ಗಾನ್‌ಜಾಂಗ್ ಸಿಗದಿದ್ದರೆ ಒಳ್ಳೆಯ ಜಪಾನೀ ಅಥವಾ ಕೊರಿಯನ್ ಸೋಯಾ ಸಾಸಿಗೆ ಚಿಟಿಕೆ ಉಪ್ಪು ಸೇರಿಸಿ ಬಳಸುವುದು ಮೇಲು.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು, ಏಕೆಂದರೆ ರುಚಿ ಇಲ್ಲಿಯೇ ತಪ್ಪಿಹೋಗುತ್ತದೆ: ಎಳ್ಳೆಣ್ಣೆ. ನಮ್ಮ ಗಾಣದ ಎಳ್ಳೆಣ್ಣೆ ಹುರಿಯದ ಎಳ್ಳಿನದು. ಕೊರಿಯಾದಲ್ಲಿ ಎಳ್ಳನ್ನು ಕಂದುಬಣ್ಣ ಬರುವವರೆಗೆ ಹುರಿದು ಎಣ್ಣೆ ತೆಗೆಯುತ್ತಾರೆ. ಅದು ಕರಿಯುವ ಎಣ್ಣೆಯಲ್ಲ. ಅಡುಗೆ ಇಳಿಸಿದ ಮೇಲೆ ಒಂದು ಚಮಚ ಬೆರೆಸುವ ಪರಿಮಳ. ಅದು ಸಿಗದಿದ್ದರೆ ಬಿಳಿ ಎಳ್ಳನ್ನು ಚಟಪಟ ಎನ್ನುವವರೆಗೆ ಹುರಿದು, ಒರಟಾಗಿ ಕುಟ್ಟಿ, ಕೊನೆಗೆ ಉದುರಿಸಿದರೆ ಮುಕ್ಕಾಲು ಪಾಲು ಕೆಲಸವಾಗುತ್ತದೆ. ಒಗ್ಗರಣೆ ಇಲ್ಲದ ಅಡುಗೆ ಇದು ಎಂಬುದನ್ನು ನಮ್ಮ ಕೈಗಳು ಒಪ್ಪಲು ಸ್ವಲ್ಪ ಸಮಯ ಬೇಕು. ಇಲ್ಲಿ ಎಣ್ಣೆ ಕೊನೆಗೆ ಹಸಿಯಾಗಿಯೇ ಬೀಳುತ್ತದೆ.

ದ್ವೆನ್‌ಜಾಂಗ್ ಜಿಗೇ

ಕೊರಿಯನ್ ಅಡುಗೆ ಕಲಿಯುವವರು ಮೊದಲು ಮಾಡಬೇಕಾದದ್ದು ಇದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಕ್ಕಿ ತೊಳೆದ ಮೊದಲ ನೀರನ್ನು ಚೆಲ್ಲಿ. ಎರಡನೆಯ, ಮೂರನೆಯ ಅಕ್ಕಚ್ಚನ್ನು ಮೂರು ಲೋಟದಷ್ಟು ಹಿಡಿದಿಟ್ಟುಕೊಳ್ಳಿ. ಅದರ ಪಿಷ್ಟ ಸಾರಿಗೆ ತೆಳುವಾದ ಮೈ ಕೊಡುತ್ತದೆ, ದ್ವೆನ್‌ಜಾಂಗ್ ತಳಕ್ಕೆ ಕೂರದಂತೆ ತಡೆಯುತ್ತದೆ. ಕೊರಿಯಾದ ಮನೆಗಳಲ್ಲಿ ಇದಕ್ಕೆ ಒಣ ಮ್ಯೋಲ್ಚಿ ಮೀನು ಮತ್ತು ದಾಶಿಮಾ ಎಂಬ ಒಣ ಕಡಲಪಾಚಿ ಹಾಕಿ ಕುದಿಸುತ್ತಾರೆ. ಮೀನಿನ ತಲೆ, ಹೊಟ್ಟೆಯ ಕಪ್ಪುಭಾಗ ತೆಗೆಯದಿದ್ದರೆ ಕಹಿ. ಮೀನು ಬೇಡದವರು ಅಂಗೈಯಷ್ಟು ದಾಶಿಮಾ, ನಾಲ್ಕು ಒಣ ಶಿಟಾಕೆ ಅಣಬೆ, ಒಂದು ತುಂಡು ಮೂಲಂಗಿ ಹಾಕಲಿ. ದಾಶಿಮಾದಲ್ಲಿರುವುದೂ ಗ್ಲುಟಾಮಿಕ್ ಆಮ್ಲವೇ. ಒಣ ಅಣಬೆಯಲ್ಲಿರುವ ಗ್ವಾನಿಲೇಟ್ ಎಂಬ ರುಚಿಯ ವಸ್ತು ಜೊತೆಗೂಡಿದಾಗ ಎರಡರ ರುಚಿ ಕೂಡಿಸಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ತಿಳಿಯುತ್ತದೆ. ಸಸ್ಯಾಹಾರಿ ಸಾರು ಮೀನಿನ ಸಾರಿಗೆ ಸರಿಸಾಟಿಯಾಗುವುದು ಈ ಜೋಡಿಯಿಂದ. ಕುದಿ ಬಂದು ಹತ್ತು ನಿಮಿಷಕ್ಕೆ ದಾಶಿಮಾ ಹೊರಗೆ ತೆಗೆಯಿರಿ. ಬಿಟ್ಟರೆ ಲೋಳೆ ಬಿಡುತ್ತದೆ. ಅಣಬೆಯನ್ನು ಸೀಳಿ ಸಾರಿಗೇ ಹಾಕಬಹುದು.

ಈಗ ಒಂದು ಆಲೂಗಡ್ಡೆ, ಅರ್ಧ ಈರುಳ್ಳಿ ಹೆಚ್ಚಿ ಹಾಕಿ, ಎರಡು ದೊಡ್ಡ ಚಮಚ ದ್ವೆನ್‌ಜಾಂಗ್ ಅನ್ನು ಜರಡಿ ಸೌಟಿನ ಮೂಲಕ ಒತ್ತಿ ಕರಗಿಸಿ. ಜಪಾನಿನ ಮಿಸೋ ಕುದಿಸಿದರೆ ಪರಿಮಳ ಹಾರಿಹೋಗುತ್ತದೆಂದು ಅಲ್ಲಿ ಅದನ್ನು ಕೊನೆಗೆ ಬೆರೆಸುತ್ತಾರೆ. ದ್ವೆನ್‌ಜಾಂಗ್ ಹಾಗಲ್ಲ, ಅದರ ಒರಟು ವಾಸನೆ ಹದಕ್ಕೆ ಬರುವುದೇ ಹತ್ತು ಹದಿನೈದು ನಿಮಿಷ ಕುದಿದ ಮೇಲೆ. ಡಬ್ಬಿ ತೆರೆದಾಗ ಮೂಗು ಮುರಿದವರು ಇಷ್ಟು ಹೊತ್ತು ತಾಳಿಕೊಳ್ಳಬೇಕು. ಆಲೂಗಡ್ಡೆ ಮುಕ್ಕಾಲು ಬೆಂದಾಗ ಜುಕಿನಿ. ಸಿಗದಿದ್ದರೆ ಎಳೆ ಸೋರೆಕಾಯಿ ಚೆನ್ನಾಗಿ ಒಪ್ಪುತ್ತದೆ. ಆಮೇಲೆ ಇನ್ನೂರು ಗ್ರಾಂ ತೋಫು, ಸೀಳಿದ ಹಸಿಮೆಣಸಿನಕಾಯಿ ಒಂದೆರಡು, ಒಂದು ಎಸಳು ಬೆಳ್ಳುಳ್ಳಿ ಜಜ್ಜಿ, ಈರುಳ್ಳಿ ಹೂವಿನ ಹಸಿರು ಭಾಗ. ಎರಡು ನಿಮಿಷ ಕುದಿಸಿ ಇಳಿಸಿ. ತೋಫು ಬದಲು ಪನೀರ್ ಹಾಕಬಾರದು. ಹಾಲಿನ ಕೊಬ್ಬಿನ ವಾಸನೆ ಸೋಯಾದ ರುಚಿಯ ಮೇಲೆ ಕೂರುತ್ತದೆ, ಪನೀರ್ ಸಾರನ್ನು ಒಳಗೆ ಎಳೆದುಕೊಳ್ಳುವುದೂ ಇಲ್ಲ. ಉಪ್ಪು ಹಾಕುವ ಮೊದಲು ರುಚಿ ನೋಡಿ. ಹೆಚ್ಚಿನ ಸಲ ಅದು ಬೇಕಾಗುವುದಿಲ್ಲ.

ಈ ಜಿಗೇಯನ್ನು ತುಕ್ಬೆಗಿ ಎಂಬ ಮಣ್ಣಿನ ಕುಡಿಕೆಯಲ್ಲಿ ಮಾಡಿ ಕುದಿಯುತ್ತಿರುವಾಗಲೇ ಊಟದ ಮೇಜಿಗೆ ತರುತ್ತಾರೆ. ಸಾರು ಮಾಡುವ ನಮ್ಮ ಮಣ್ಣಿನ ಮಡಕೆ ಮನೆಯಲ್ಲಿದ್ದರೆ ಅದರಲ್ಲೇ ಮಾಡಿ, ಶಾಖ ಚೆನ್ನಾಗಿ ನಿಲ್ಲುತ್ತದೆ.

ಇದರ ಜೊತೆಗಿನ ಅನ್ನ ಅಂಟಾಗಿರಬೇಕು. ಕೊರಿಯಾದ ಗಿಡ್ಡಕ್ಕಿಯಲ್ಲಿ ಅಮೈಲೋಸ್ ಎಂಬ ಪಿಷ್ಟ ಕಡಿಮೆ. ಹಾಗಾಗಿ ಬೆಂದ ಅಗುಳುಗಳು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಉದುರುದುರಾಗುವ ಸೋನಾ ಮಸೂರಿಗಿಂತ ಮಹಾರಾಷ್ಟ್ರದ ಅಂಬೆಮೊಹರ್ ಇದಕ್ಕೆ ಹತ್ತಿರ. ಅರ್ಧ ಗಂಟೆ ನೆನೆಸಿ, ಬಸಿದು, ಅಕ್ಕಿಯ ಒಂದೂಕಾಲು ಪಟ್ಟು ನೀರಿಟ್ಟು, ದಪ್ಪ ತಳದ ಪಾತ್ರೆಯಲ್ಲಿ ಮುಚ್ಚಿ ಬೇಯಿಸಿ, ಒಲೆ ಆರಿಸಿ ಹತ್ತು ನಿಮಿಷ ಮುಚ್ಚಳ ತೆಗೆಯದೆ ಬಿಡಿ. ತಳ ಹಿಡಿದ ಸೀಕಲಿಗೆ ನೀರು ಹಾಕಿ ಕುದಿಸಿ ಊಟದ ಕೊನೆಗೆ ಕುಡಿಯುತ್ತಾರೆ.

ನಾಮುಲ್

ಬಾನ್‌ಚಾನ್‌ಗಳಲ್ಲಿ ಬಹುಪಾಲು ನಾಮುಲ್, ಅಂದರೆ ಹದವಾಗಿ ಬೇಯಿಸಿ ಕಲಸಿದ ಸೊಪ್ಪು ತರಕಾರಿ. ಪಾಲಕ್ ಒಂದು ಕಟ್ಟು ದೊಡ್ಡದು. ಕುದಿಯುವ ಉಪ್ಪುನೀರಿನಲ್ಲಿ ಅರ್ಧ ನಿಮಿಷ, ತಕ್ಷಣ ತಣ್ಣೀರಿಗೆ, ಆಮೇಲೆ ಗಟ್ಟಿಯಾಗಿ ಹಿಂಡಿ. ನೀರು ಉಳಿದರೆ ಮಸಾಲೆ ಹತ್ತುವುದಿಲ್ಲ. ಒಂದು ಸಣ್ಣ ಚಮಚ ಗುಕ್-ಗಾನ್‌ಜಾಂಗ್, ಅರ್ಧ ಎಸಳು ಬೆಳ್ಳುಳ್ಳಿ ಹಾಕಿ ಬೆರಳುಗಳಿಂದ ಒತ್ತಿ ಕಲಸಿ. ಎಳ್ಳೆಣ್ಣೆ ಇದಾದ ಮೇಲೆ. ಮೊದಲೇ ಎಣ್ಣೆ ಹಾಕಿದರೆ ಅದು ಎಲೆಯ ಮೇಲೆ ಪದರ ಕಟ್ಟಿ ಉಪ್ಪನ್ನು ಒಳಗೆ ಬಿಡದು. ಕುಟ್ಟಿದ ಎಳ್ಳು ಕೊನೆಗೆ. ಹರಿವೆ, ನುಗ್ಗೆಯ ಎಳೆಚಿಗುರು, ಹೆಸರುಕಾಳಿನ ಉದ್ದ ಮೊಳಕೆ, ಬದನೆಕಾಯಿ, ಇವೆಲ್ಲ ಈ ಕ್ರಮಕ್ಕೆ ಒಗ್ಗುತ್ತವೆ. ಬದನೆಕಾಯಿಯನ್ನು ಹಬೆಯಲ್ಲಿ ಬೇಯಿಸಿ ಉದ್ದಕ್ಕೆ ಸೀಳಿ ಕಲಸಬೇಕು. ಮೂಲಂಗಿಯನ್ನು ಸಣ್ಣ ಕಡ್ಡಿಗಳಾಗಿ ಹೆಚ್ಚಿ ಎಣ್ಣೆಯಲ್ಲಿ ಮೆತ್ತಗಾಗುವವರೆಗೆ ಬಾಡಿಸಿದರೆ ಅದೂ ಒಂದು ನಾಮುಲ್. ಸೋಯಾ ಮೊಳಕೆ ಬೇಯಿಸುವಾಗ ಮಾತ್ರ ಮುಚ್ಚಳವನ್ನು ಮೊದಲಿನಿಂದ ಕೊನೆವರೆಗೆ ಮುಚ್ಚಿರಬೇಕು, ಇಲ್ಲವೇ ಮೊದಲಿನಿಂದಲೂ ತೆರೆದಿರಬೇಕು. ನಡುವೆ ತೆರೆದರೆ ಹಸಿಕಾಳಿನ ವಾಸನೆ ಉಳಿಯುತ್ತದೆ ಎಂದು ಕೊರಿಯಾದ ತಾಯಂದಿರು ಮಕ್ಕಳಿಗೆ ಹೇಳಿಕೊಡುತ್ತಾರೆ.

ಮೂರು ನಾಲ್ಕು ನಾಮುಲ್ ಉಳಿದಿದ್ದರೆ ಬಿಬಿಮ್‌ಬಾಪ್ ಆದಂತೆಯೇ. ಬಿಸಿ ಅನ್ನದ ಮೇಲೆ ಬಣ್ಣಬಣ್ಣವಾಗಿ ಜೋಡಿಸಿ, ಮೊಟ್ಟೆ ತಿನ್ನುವವರು ಒಂದು ಮೊಟ್ಟೆ, ನಡುವೆ ಒಂದು ಚಮಚ ಗೋಚುಜಾಂಗ್, ಮೇಲೆ ಎಳ್ಳೆಣ್ಣೆ. ಹಸಿರು, ಕೆಂಪು, ಹಳದಿ, ಬಿಳಿ, ಕಪ್ಪು ಐದು ಬಣ್ಣ ಇರಬೇಕೆಂಬುದು ಹಳೆಯ ನಂಬಿಕೆ. ಜೊಂಜು ಪಟ್ಟಣದ ಬಿಬಿಮ್‌ಬಾಪ್ ಇದಕ್ಕೆ ಪ್ರಸಿದ್ಧ. ಕೆಂಪು ಡಬ್ಬಿ ತನ್ನ ನಿಜವಾದ ಗುಣ ತೋರುವುದು ಇಂಥ ಜಾಗದಲ್ಲಿ, ಸೌಮ್ಯವಾದ ಸೊಪ್ಪು ತರಕಾರಿಗಳ ನಡುವೆ.

ಕಿಮ್ಚಿ: ಉಪ್ಪು, ಚಳಿ, ಸಮಯ

ಕಿಮ್ಚಿಯ ಪಾಕವಿಧಾನಗಳಲ್ಲಿ ಎಲ್ಲರ ಗಮನ ಕೆಂಪು ಮಸಾಲೆಯ ಮೇಲೆ. ಕೆಡುವುದೂ ಗೆಲ್ಲುವುದೂ ಅದಕ್ಕಿಂತ ಮೊದಲು, ಉಪ್ಪು ಹಾಕುವ ಹಂತದಲ್ಲಿ. ಉಪ್ಪು ಎಲೆಯೊಳಗಿನ ನೀರನ್ನು ಹೊರಗೆಳೆದು ಮೆತುವಾಗಿಸುತ್ತದೆ. ಕೊಳೆಸುವ ಬ್ಯಾಕ್ಟೀರಿಯಾಗಳನ್ನು ಹಿಂದಕ್ಕಟ್ಟಿ, ಉಪ್ಪು ತಾಳಬಲ್ಲ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳಿಗೆ ದಾರಿ ಬಿಡಿಸುತ್ತದೆ. ತೊಳೆದು ಬಸಿದ ಮೇಲೆ ಎಲೆಯಲ್ಲಿ ಉಳಿಯಬೇಕಾದ ಉಪ್ಪು ಶೇಕಡಾ 2ರಿಂದ 3. ಇದಕ್ಕಿಂತ ಕಡಿಮೆಯಾದರೆ ಕಿಮ್ಚಿ ಮೆತ್ತಗಾಗಿ ಕೊಳೆಯುತ್ತದೆ, ಹೆಚ್ಚಾದರೆ ಹುಳಿಯೇ ಬರುವುದಿಲ್ಲ.

ನಮ್ಮಲ್ಲಿ ಚೈನೀಸ್ ಕ್ಯಾಬೇಜ್ ಎಂದು ಮಾರುವ ಉದ್ದನೆಯ ಕೋಸು ಎರಡು ಕಿಲೋ ತೆಗೆದುಕೊಳ್ಳಿ. ಉದ್ದಕ್ಕೆ ನಾಲ್ಕು ಸೀಳು ಮಾಡಿ, ಬುಡ ಬಿಡಿಸಬೇಡಿ. ಇನ್ನೂರು ಗ್ರಾಂ ಹರಳುಪ್ಪಿನಲ್ಲಿ ಅರ್ಧವನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ ಎಲೆಗಳನ್ನು ಅದ್ದಿ. ಉಳಿದರ್ಧವನ್ನು ಒಂದೊಂದು ಎಲೆ ಎತ್ತಿ ದಪ್ಪ ಬಿಳಿ ದಂಟಿನ ಮೇಲೆ ಉದುರಿಸಿ. ಕೊರಿಯಾದಲ್ಲಿ ಇದಕ್ಕೆ ಬಳಸುವುದು ಶಿನಾನ್ ಮುಂತಾದ ಪಶ್ಚಿಮ ಕರಾವಳಿಯ ಗದ್ದೆಗಳಲ್ಲಿ ಬಿಸಿಲಿಗೆ ಆರಿಸಿದ ಒರಟು ಸಮುದ್ರದುಪ್ಪು. ಪುಡಿಯುಪ್ಪು ಹಾಕುವುದಾದರೆ ತೂಕ ಮಾಡಿಯೇ ಹಾಕಿ. ಚಮಚದ ಅಳತೆಯಲ್ಲಿ ಪುಡಿಯುಪ್ಪು ಹೆಚ್ಚು ತೂಗುತ್ತದೆ, ಎಲೆಯ ಮೇಲೂ ಬೇಗ ಕರಗಿ ಹೊರಮೈ ಉಪ್ಪಾಗಿ ಒಳಗೆ ಸಪ್ಪೆ ಉಳಿಯುತ್ತದೆ. ಆರರಿಂದ ಎಂಟು ಗಂಟೆ ಬಿಟ್ಟು, ನಡುನಡುವೆ ಮೇಲೆ ಕೆಳಗೆ ಮಾಡಿ. ಬಿಳಿ ದಂಟು ಮುರಿಯದೆ ಬಾಗಿದರೆ ಹದವಾಯಿತು. ಮೂರು ಸಲ ತೊಳೆದು, ಕತ್ತರಿಸಿದ ಮುಖ ಕೆಳಗೆ ಮಾಡಿ ಒಂದೆರಡು ಗಂಟೆ ಬಸಿಯಲು ಬಿಡಿ. ಈ ಬಸಿಯುವ ಹಂತ ಅವಸರದಲ್ಲಿ ಮುಗಿಸುವಂಥದ್ದಲ್ಲ.

ಮಸಾಲೆಗೆ ಎರಡು ಚಮಚ ಅಂಟಕ್ಕಿ ಹಿಟ್ಟನ್ನು, ಇಲ್ಲದಿದ್ದರೆ ಸಾದಾ ಅಕ್ಕಿ ಹಿಟ್ಟನ್ನು, ಒಂದೂವರೆ ಲೋಟ ನೀರಿನಲ್ಲಿ ಗಂಜಿ ಕಾಯಿಸಿ ಆರಿಸಿ. ಇದು ಮಸಾಲೆ ಎಲೆಗೆ ಅಂಟಲೂ ಬೇಕು, ಬ್ಯಾಕ್ಟೀರಿಯಾಗಳಿಗೆ ಊಟವಾಗಿಯೂ ಬೇಕು. ಅದಕ್ಕೆ ಎಂಬತ್ತರಿಂದ ನೂರು ಗ್ರಾಂ ಗೋಚುಗಾರು, ಒಂದು ಗಡ್ಡೆ ಬೆಳ್ಳುಳ್ಳಿ, ಬೆರಳ ತುದಿಯಷ್ಟು ಶುಂಠಿ, ಅರ್ಧ ಪಿಯರ್ ಹಣ್ಣು ಅಥವಾ ಸೇಬು ಅರೆದದ್ದು, ಸಣ್ಣ ಕಡ್ಡಿಗಳಾಗಿ ಹೆಚ್ಚಿದ ಮೂಲಂಗಿ, ಈರುಳ್ಳಿ ಹೂವು. ಗೋಚುಗಾರು ಎಂದರೆ ಬೀಜ ತೆಗೆದು ಒರಟಾಗಿ ಪುಡಿಮಾಡಿದ ಮೆಣಸಿನಕಾಯಿ. ಖಾರ ಕಡಿಮೆ, ಬಣ್ಣ ಹೆಚ್ಚು. ಇದಕ್ಕೆ ನಮ್ಮಲ್ಲಿ ಬ್ಯಾಡಗಿಗಿಂತ ಹತ್ತಿರದ್ದು ಸಿಗದು. ಬೀಜ ಕೊಡವಿ, ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ಒರಟಾಗಿ ಪುಡಿಮಾಡಿ. ಪರಿಮಳ ಪೂರ್ತಿ ಒಂದೇ ಎನ್ನಲಾಗದು, ಬಣ್ಣ ಮತ್ತು ಖಾರದ ಪ್ರಮಾಣ ಮಾತ್ರ ಸರಿಯಾಗಿ ಕೂರುತ್ತದೆ. ಅಂಗಡಿಯ ನುಣ್ಣನೆ ಖಾರದಪುಡಿ ಬೇಡ, ಕೆಸರಾಗುತ್ತದೆ.

ಕೊರಿಯಾದಲ್ಲಿ ಇದಕ್ಕೆ ಉಪ್ಪಿನಲ್ಲಿಟ್ಟ ಸಣ್ಣ ಸೀಗಡಿ ಮತ್ತು ಮೀನಿನ ರಸ ಸೇರುತ್ತವೆ. ಸಸ್ಯಾಹಾರಿಗಳು ಇದನ್ನು ಕೊರತೆ ಎಂದು ಭಾವಿಸಬೇಕಿಲ್ಲ. ಕೊರಿಯಾದ ಬೌದ್ಧ ಮಠಗಳಲ್ಲಿ ನೂರಾರು ವರ್ಷಗಳಿಂದ ಮೀನಿಲ್ಲದ, ಬೆಳ್ಳುಳ್ಳಿಯೂ ಇಲ್ಲದ ಕಿಮ್ಚಿ ಮಾಡುತ್ತ ಬಂದಿದ್ದಾರೆ. ಅವರು ಬಿಟ್ಟಿರುವ ಐದು ಘಾಟಿನ ಪದಾರ್ಥಗಳ ಪಟ್ಟಿಯಲ್ಲಿ ಬೆಳ್ಳುಳ್ಳಿ, ಈರುಳ್ಳಿ ಜಾತಿಯ ಸೊಪ್ಪುಗಳ ಜೊತೆಗೆ ಇಂಗೂ ಇದೆ. ಬೆಕ್‌ಯಾಂಗ್ಸಾ ಮಠದ ಆಶ್ರಮದಲ್ಲಿರುವ ಭಿಕ್ಷುಣಿ ಜೊಂಗ್ ಕ್ವಾನ್ ಈ ಮಠದ ಅಡುಗೆಯನ್ನು ಜಗತ್ತಿಗೆ ಪರಿಚಯಿಸಿದವರಲ್ಲಿ ಮುಖ್ಯರು. ಮಠದ ಕ್ರಮದಲ್ಲಿ ಮೀನಿನ ಜಾಗವನ್ನು ಗಾನ್‌ಜಾಂಗ್ ಮತ್ತು ದಾಶಿಮಾ-ಅಣಬೆಯ ಸಾರು ತುಂಬುತ್ತವೆ. ಮೂರು ದೊಡ್ಡ ಚಮಚ ಗುಕ್-ಗಾನ್‌ಜಾಂಗ್ ಹಾಕಿ, ಗಂಜಿಯನ್ನು ನೀರಿನ ಬದಲು ಆ ಸಾರಿನಲ್ಲಿ ಕಾಯಿಸಿ. ಬೆಳ್ಳುಳ್ಳಿ, ಈರುಳ್ಳಿ ತಿನ್ನದ ಮನೆಗಳವರು ಶುಂಠಿ ಸ್ವಲ್ಪ ಹೆಚ್ಚಿಸಿದರೆ ಸಾಕು.

ಎಲೆಎಲೆಗೂ ಮಸಾಲೆ ಸವರಿ, ಹೊರಗಿನ ಎಲೆಯಿಂದ ಸುತ್ತಿ, ಗಾಳಿ ಉಳಿಯದಂತೆ ಭರಣಿಗೆ ಒತ್ತಿ. ಮುಕ್ಕಾಲು ಪಾಲಿಗಿಂತ ಹೆಚ್ಚು ತುಂಬಬೇಡಿ. ಉಬ್ಬಿ ರಸ ಹೊರಚೆಲ್ಲುತ್ತದೆ. ಮೊದಲ ದಿನಗಳಲ್ಲಿ ಚುರುಕಾಗುವುದು ಲ್ಯುಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ. ನಮ್ಮ ಇಡ್ಲಿ ಹಿಟ್ಟನ್ನು ಉಬ್ಬಿಸುವುದರಲ್ಲೂ ಇದರದೇ ದೊಡ್ಡ ಪಾತ್ರ. ಇದು ಲ್ಯಾಕ್ಟಿಕ್ ಆಮ್ಲದ ಜೊತೆಗೆ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಚೆನ್ನಾಗಿ ಹಣ್ಣಾದ ಕಿಮ್ಚಿಯ ರಸ ನಾಲಿಗೆಯ ಮೇಲೆ ಚುರುಗುಟ್ಟುವುದು ಅದರಿಂದ. ಹುಳಿ ಏರಿದಂತೆ ಇದು ಹಿಂದೆ ಸರಿದು, ಹೆಚ್ಚು ಆಮ್ಲ ತಾಳುವ ಲ್ಯಾಕ್ಟೊಬ್ಯಾಸಿಲಸ್ ಜಾತಿಗಳು ಮುಂದೆ ಬಂದು ಬರೀ ಹುಳಿ ಮಾಡುತ್ತವೆ. ತಂಪಿನಲ್ಲಿ ಮೊದಲನೆಯದು ಹೆಚ್ಚು ದಿನ ಉಳಿಯುತ್ತದೆ, ಸೆಖೆಯಲ್ಲಿ ಎರಡನೆಯವು ಬೇಗ ಗೆಲ್ಲುತ್ತವೆ. ಕೊರಿಯನ್ನರು ನವೆಂಬರಿನಲ್ಲಿ ಇಡೀ ಚಳಿಗಾಲಕ್ಕೆ ಒಟ್ಟಿಗೆ ಕಿಮ್ಚಿ ಹಾಕಿ ಭರಣಿಗಳನ್ನು ನೆಲದಲ್ಲಿ ಹೂಳುತ್ತಿದ್ದುದರ ಕಾರಣ ಇದೇ. ನೆಲದೊಳಗಿನ ತಂಪು ಹೆಪ್ಪುಗಟ್ಟುವುದಕ್ಕಿಂತ ತುಸು ಮೇಲೆ ಸ್ಥಿರವಾಗಿರುತ್ತಿತ್ತು. ನೆರೆಹೊರೆಯವರೆಲ್ಲ ಸೇರಿ ಮಾಡುವ ಈ ಕಿಮ್‌ಜಾಂಗ್ 2013ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಅಪಾರ್ಟ್‌ಮೆಂಟುಗಳು ಬಂದು ಹೂಳಲು ನೆಲವೇ ಇಲ್ಲವಾದಾಗ ಕಿಮ್ಚಿಗೆಂದೇ ಬೇರೆ ಫ್ರಿಜ್ಜುಗಳು ಬಂದವು. 1995ರಲ್ಲಿ ಬಂದ ದಿಮ್ಚೆ ಎಂಬ ಬ್ರಾಂಡು ಅವನ್ನು ಮನೆಮಾತಾಗಿಸಿತು.

ನಮ್ಮ ಹವೆಗೆ ಬಂದರೆ, ಬೆಂಗಳೂರು, ಮೈಸೂರಿನಲ್ಲಿ ಒಂದು ದಿನ ಹೊರಗಿಟ್ಟರೆ ಸಾಕು. ಮಂಗಳೂರು, ಕಲಬುರಗಿಯ ಬೇಸಿಗೆಗೆ ಅರ್ಧ ದಿನವೂ ಜಾಸ್ತಿಯೇ. ಗುಳ್ಳೆ ಕಂಡ ಕೂಡಲೇ ಫ್ರಿಜ್ಜಿನ ಹಿಂಬದಿಯ ತಂಪು ಜಾಗಕ್ಕೆ ಸೇರಿಸಿ, ಬಾಗಿಲಿನಲ್ಲಿ ಇಡಬೇಡಿ. ವಾರದ ಮೇಲೆ ರುಚಿ ಕೂಡಿಬರುತ್ತದೆ. ಮೇಲೆ ತೆಳುವಾದ ಬಿಳಿ ಪದರ ಕಂಡರೆ ಅದು ಯೀಸ್ಟ್, ತೆಗೆದು ಎಲೆಗಳನ್ನು ರಸದೊಳಗೆ ಒತ್ತಿ. ಹಸಿರು, ಕಪ್ಪು ಬಣ್ಣದ ನವಿರು ಬೂಷ್ಟು ಕಂಡರೆ ಪೂರ್ತಿ ಎಸೆಯಬೇಕು.

ಅಂದಹಾಗೆ ಕಿಮ್ಚಿ ಕೆಂಪಾಗಿಯೇ ಇರಬೇಕೆಂದಿಲ್ಲ. ಮೆಣಸಿನಕಾಯಿ ಬರುವ ಮೊದಲೂ ಕಿಮ್ಚಿ ಇತ್ತು. ಖಾರವಿಲ್ಲದ ಬಿಳಿ ಬೆಕ್-ಕಿಮ್ಚಿ, ಚಳಿಗಾಲದ ಮೂಲಂಗಿಯನ್ನು ಉಪ್ಪುನೀರಿನಲ್ಲಿ ಹುದುಗಿಸುವ ದೊಂಗ್‌ಚಿಮಿ ಇಂದಿಗೂ ಮನೆಗಳಲ್ಲಿವೆ. ಮಕ್ಕಳಿಗೂ ಖಾರ ಆಗದವರಿಗೂ ಅವೇ ಒಳ್ಳೆಯದು. ಈಗ ಕಾಣುವ ದಪ್ಪ ಬಿಗಿ ಕೋಸೂ ಬಹಳ ಹಳೆಯದಲ್ಲ. 1950ರಲ್ಲಿ ಜಪಾನಿನಿಂದ ಕೊರಿಯಾಕ್ಕೆ ಬಂದು ನೆಲೆಸಿದ ಸಸ್ಯವಿಜ್ಞಾನಿ ಊ ಜಾಂಗ್-ಚುನ್, ಕೋಸು ಮತ್ತು ಮೂಲಂಗಿಯ ಒಳ್ಳೆಯ ಬಿತ್ತನೆ ತಳಿಗಳು ಆ ದೇಶದಲ್ಲೇ ಸಿಗುವಂತೆ ಮಾಡಲು ತಮ್ಮ ಕೊನೆಯ ವರ್ಷಗಳನ್ನು ಕೊಟ್ಟರು.

ತಿಂಗಳು ಕಳೆದು ಕಿಮ್ಚಿ ಹಾಗೇ ತಿನ್ನಲು ತೀರಾ ಹುಳಿಯಾಯಿತೇ? ಕಿಮ್ಚಿ ಜಿಗೇಗೆ ಬೇಕಾದದ್ದು ಅದೇ. ಎರಡು ಲೋಟ ಹುಳಿ ಕಿಮ್ಚಿಯನ್ನು ಹೆಚ್ಚಿ ಎಣ್ಣೆಯಲ್ಲಿ ಐದಾರು ನಿಮಿಷ ಬಾಡಿಸಿ. ಮಾಂಸ ತಿನ್ನುವವರು ಹಂದಿಮಾಂಸದ ತೆಳು ತುಂಡುಗಳನ್ನು ಇಲ್ಲಿಯೇ ಸೇರಿಸುತ್ತಾರೆ. ಮೂರು ಲೋಟ ಅಕ್ಕಚ್ಚು, ಕಾಲು ಲೋಟ ಕಿಮ್ಚಿಯ ರಸ, ಹುಳಿಯನ್ನು ತಿದ್ದಲು ಅರ್ಧ ಚಮಚ ಸಕ್ಕರೆ ಹಾಕಿ ಇಪ್ಪತ್ತು ನಿಮಿಷ ಕುದಿಸಿ, ಕೊನೆಗೆ ತೋಫು. ಮಾಡಿದ ವಾರದೊಳಗಿನ ಹೊಸ ಕಿಮ್ಚಿಯಿಂದ ಇದು ಆಗುವುದಿಲ್ಲ. ಹುಳಿಯಿಲ್ಲದ ಕೋಸಿನ ಖಾರನೀರಾಗುತ್ತದೆ. ಭರಣಿಯಲ್ಲಿ ಹೊಸ ಕಿಮ್ಚಿ ಮಾತ್ರ ಇರುವ ದಿನ ದ್ವೆನ್‌ಜಾಂಗ್ ಜಿಗೇ ಮಾಡಿ.